ಕೊಡಲಿಗೆ ಬಗ್ಗದ ಸೌದೆ ಯಾವುದು?

ಪ್ರಶ್ನೆ: ತಿಪಟೂರಿನ ಹತ್ತಿರ ನಮ್ಮದು ತೆಂಗಿನ ತೋಟ. ಬೆಂಗಳೂರಿನ ಕೆಲಸ ಮುಗಿಸಿ ಈಗ ಊರಲ್ಲೇ ಇದ್ದೇನೆ. ಹೋದ ಮಳೆಗಾಲದ ಗಾಳಿಗೆ ಬದುವಿನ ಮೇಲಿದ್ದ ಹಳೇ ಹುಣಸೆ ಮರ ಉರುಳಿತು. ಯಂತ್ರದವರನ್ನು ಕರೆಸಿ ಒಂದೂವರೆ ಅಡಿ ತುಂಡು ಮಾಡಿಸಿದೆ. ಹಂಡೆ ಒಲೆಗೆ ಒಂದು ವರ್ಷದ ಸೌದೆ ಆಯಿತು ಅಂದುಕೊಂಡೆ. ಆದರೆ ಕೊಡಲಿ ಹಾಕಿದರೆ ಒಂದೋ ಪುಟಿಯುತ್ತದೆ, ಇಲ್ಲವೋ ಸಿಕ್ಕಿಕೊಂಡು ಬಿಡುತ್ತದೆ. ಎರಡು ಕಾವು ಮುರಿದವು. ಪಕ್ಕದಲ್ಲೇ ಇರುವ ಸಿಲ್ವರ್ ಓಕ್ ಒಂದೇ ಏಟಿಗೆ ಎರಡಾಗುತ್ತದೆ. ಬೇವು, ಜಾಲಿ, ನೀಲಗಿರಿ ತುಂಡುಗಳೂ ಇವೆ. ಕೈಯಲ್ಲಿ ಒಡೆಯಲು ಎಲ್ಲಕ್ಕಿಂತ ಕಷ್ಟದ ಮರ ಯಾವುದು? ಒಣಗಲು ಬಿಟ್ಟರೆ ಹುಣಸೆ ಸುಲಭವಾಗುತ್ತದಾ? ಏನಾದರೂ ಉಪಾಯ ಇದೆಯಾ?

ಉತ್ತರ: ಮೊದಲ ಪ್ರಶ್ನೆಯ ಉತ್ತರ ನಿಮ್ಮ ಅಂಗಳದಲ್ಲೇ ಬಿದ್ದಿದೆ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಮರಗಳಲ್ಲಿ ಹುಣಸೆಯಷ್ಟು ಸತಾಯಿಸುವುದು ಇನ್ನೊಂದಿಲ್ಲ. ಕಾವು ಮುರಿದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮರದ ಕೆಲಸದಲ್ಲೇ ತಲೆ ನರೆತವನು ನಾನು. ಹುಣಸೆಗೆ ಬಲಿ ಕೊಟ್ಟ ಕಾವುಗಳನ್ನು ನಾನೂ ಲೆಕ್ಕ ಇಟ್ಟಿಲ್ಲ.

ಆದರೆ ಬರೀ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಯಾಕೆ ಹಾಗೆ ಅನ್ನುವುದು ಗೊತ್ತಾದರೆ ಮುಂದೆ ಯಾವ ಮರ ಬಿದ್ದರೂ ನೀವೇ ಅಂದಾಜು ಮಾಡಬಹುದು.

ಗಟ್ಟಿ ಮರ ಒಡೆಯಲು ಕಷ್ಟ, ಮೆತ್ತನೆಯದು ಸುಲಭ ಅಂತ ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಕರಾವಳಿಯ ಗಾಳಿ ಮರವನ್ನೇ ನೋಡಿ. ಸರ್ವೆ ಅಂತಲೂ ಕರೆಯುತ್ತಾರಲ್ಲ, ಅದು. ತೂಕದಲ್ಲಿ ಹುಣಸೆಗೆ ಸಮ ನಿಲ್ಲುತ್ತದೆ. ಗರಗಸಕ್ಕೆ ಬಲು ಮೊಂಡು. ಆದರೆ ಒಣಗುವಾಗ ತಾನಾಗಿಯೇ ಬಿರುಕು ಬಿಡುತ್ತದೆ, ಹಲಗೆ ಕೊಯ್ದರೆ ಸೀಳಿ ಹೋಗುತ್ತದೆ. ಅದಕ್ಕೇ ಅದನ್ನು ಹಲಗೆ ಮಾಡುವುದಿಲ್ಲ, ಇಡೀ ಗಳುವಾಗಿಯೇ ಬಳಸುತ್ತಾರೆ. ಇನ್ನೊಂದು ಕಡೆ ಬೆಂಗಳೂರಿನ ರಸ್ತೆ ಬದಿಯ ಮಳೆ ಮರ ಇದೆ. ಹಗುರ, ಮೆತ್ತಗೆ, ಉಗುರು ಊರಿದರೆ ಗುರುತು ಬೀಳುತ್ತದೇನೋ ಅನ್ನಿಸುತ್ತದೆ. ಆದರೂ ಅದರ ದಿಮ್ಮಿಗೆ ಕೊಡಲಿ ಹಾಕಿದರೆ ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗಾಗುತ್ತದೆ. ಮಧ್ಯ ಅಮೆರಿಕದಲ್ಲಿ ಇದರ ಕಾಂಡವನ್ನು ಅಡ್ಡಕ್ಕೆ ಬಿಲ್ಲೆ ಕೊಯ್ದು, ಹಾಗೇ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದರು. ಬೇರೆ ಮರದ ಬಿಲ್ಲೆಯಾಗಿದ್ದರೆ ಬೇಗ ಸೀಳುತ್ತಿತ್ತು.

ಹಾಗಾಗಿ ಒಂದು ಮರ ಕೊಡಲಿಗೆ ಸಿಗುತ್ತದೋ ಇಲ್ಲವೋ ಅಂತ ತಿಳಿಯಬೇಕಾದರೆ ನಾನು ಅದರ ತೂಕ ನೋಡುವುದಿಲ್ಲ. ಹಿಂದಿನವರು ಅದರಲ್ಲಿ ಏನು ಮಾಡುತ್ತಿದ್ದರು ಅಂತ ಕೇಳುತ್ತೇನೆ.

ಹುಣಸೆಯಲ್ಲಿ ಏನು ಮಾಡುತ್ತಿದ್ದರು? ಎಣ್ಣೆ ಗಾಣ, ಒನಕೆ, ಒರಳು. ಮಾಂಸದ ಅಂಗಡಿಯಲ್ಲಿ ಇವತ್ತಿಗೂ ಕತ್ತಿಯ ಕೆಳಗೆ ಇರುವ ಕೊರಡು ಹುಣಸೆಯದೇ. ಬೆಳಗಿನಿಂದ ಸಂಜೆಯವರೆಗೆ ಏಟು ತಿನ್ನುತ್ತದೆ, ಮೇಲೆ ಸವೆದು ಗುಳಿ ಬೀಳುತ್ತದೆ, ಆದರೆ ಎರಡಾಗುವುದಿಲ್ಲ. ಥಾಯ್ಲೆಂಡಿನ ಅಡುಗೆಮನೆಗಳಲ್ಲೂ ಕತ್ತರಿಸುವ ಮಣೆಗೆ ಇದೇ ಮರ. ಏಟು ತಿನ್ನಲಿ ಅಂತಲೇ ಲೋಕವೆಲ್ಲ ಆರಿಸಿಕೊಂಡ ಮರಕ್ಕೆ ನೀವು ಏಟು ಕೊಡುತ್ತಿದ್ದೀರಿ.

ಜಾಲಿಯೂ ಹಾಗೆಯೇ. ಎತ್ತಿನ ಗಾಡಿ ಚಕ್ರದ ನಡುವೆ, ಕಡ್ಡಿಗಳೆಲ್ಲ ಬಂದು ಕೂರುವ ದಪ್ಪ ಗುಂಬ ಇರುತ್ತದಲ್ಲ, ಅದಕ್ಕೆ ನಮ್ಮ ಬಡಗಿಗಳು ಜಾಲಿ ಹುಡುಕುತ್ತಿದ್ದರು. ಸುತ್ತಲೂ ತೂತು ಕೊರೆದು, ಕಡ್ಡಿಗಳನ್ನು ಬಿಗಿಯಾಗಿ ಬಡಿದು ಕೂರಿಸಿದರೂ ಅದು ಸೀಳಬಾರದು. ಇಂಗ್ಲೆಂಡಿನಲ್ಲಿ ಅದೇ ಜಾಗಕ್ಕೆ ಎಲ್ಮ್ ಮರ ಬಳಸುತ್ತಿದ್ದರು. ಅಲ್ಲಿ ಕೈಯಲ್ಲಿ ಸೌದೆ ಒಡೆಯುವವರನ್ನು ಕೇಳಿದರೆ ಮೊದಲು ಬೈಯುವುದೂ ಎಲ್ಮನ್ನೇ. 1960ರ ದಶಕದ ಕೊನೆಯಲ್ಲಿ ಅಲ್ಲಿ ಎಲ್ಮ್ ಮರಗಳಿಗೆ ಬೂಸ್ಟಿನ ರೋಗ ಹೊಸದಾಗಿ ತಗುಲಿ, ಮುಂದೆ ಕೋಟಿಗಟ್ಟಲೆ ಮರ ಸತ್ತವು. ಸೌದೆಗೇನೂ ಬರ ಇರಲಿಲ್ಲ, ಒಡೆಯುವವರ ಸೊಂಟದ ಗತಿ ಮಾತ್ರ ದೇವರಿಗೇ ಗೊತ್ತು.

ಈಗ ತಿರುಗಿಸಿ ನೋಡಿ. ಸೀಳಿಯೇ ಬಳಸುವ ಮರಗಳು ಯಾವುವು? ಅಡಿಕೆ, ಬಿದಿರು. ಮಲೆನಾಡಿನಲ್ಲಿ ಅಡಿಕೆ ಮರ ಸೀಳಿ ದಬ್ಬೆ ಮಾಡುತ್ತೇವೆ. ಬುಡದಲ್ಲಿ ಒಂದು ಸೀಳು ಕೊಟ್ಟು ಬೆಣೆ ಹಾಕಿದರೆ ತುದಿಯವರೆಗೆ ಗೆರೆ ಎಳೆದ ಹಾಗೆ ಬಿಡಿಸಿಕೊಳ್ಳುತ್ತದೆ. ತೇಗ ಕೂಡ ನೆಟ್ಟಗೆ ಬೆಳೆದಿದ್ದರೆ ಚೆನ್ನಾಗಿ ಸೀಳುತ್ತದೆ. ಆದರೆ ತೇಗವನ್ನು ಒಲೆಗೆ ಹಾಕುವಷ್ಟು ಶ್ರೀಮಂತರು ನಮ್ಮಲ್ಲಿ ಯಾರಿದ್ದಾರೆ?

ಇದರ ಗುಟ್ಟೆಲ್ಲ ಎಳೆಯಲ್ಲಿದೆ. ಮರ ಎಂದರೆ ಬುಡದಿಂದ ತುದಿಗೆ ಹೋಗುವ ಸಣ್ಣ ಸಣ್ಣ ನಾರುಗಳ ಕಟ್ಟು. ಕೊಡಲಿ ಮರವನ್ನು ಕತ್ತರಿಸುವುದಿಲ್ಲ, ನಾರುಗಳ ನಡುವೆ ನುಗ್ಗಿ ಅವನ್ನು ಬೇರೆ ಮಾಡುತ್ತದೆ. ನಾರು ನೆಟ್ಟಗಿದ್ದರೆ ಒಮ್ಮೆ ಬಾಯಿ ಬಿಟ್ಟ ಸೀಳು ತಾನಾಗಿಯೇ ಕೆಳಗೆ ಓಡುತ್ತದೆ. ನಿಮ್ಮ ಸಿಲ್ವರ್ ಓಕ್‌ನಲ್ಲಿ ಆಗುವುದು ಅದೇ. ಕೆಲವು ಮರಗಳಲ್ಲಿ ನಾರು ಹಗ್ಗದ ಹುರಿಯ ಹಾಗೆ ಒಂದೇ ಕಡೆಗೆ ಸುತ್ತುತ್ತಾ ಮೇಲೇರುತ್ತದೆ. ಇಂಥದ್ದು ಒಡೆಯುತ್ತದೆ, ಆದರೆ ಸೀಳು ಓರೆಯಾಗಿ ತಿರುಗಿ ಬರುತ್ತದೆ. ಹುಣಸೆಯದು ಇನ್ನೂ ಕಿತಾಪತಿ. ಕೆಲವು ವರ್ಷ ನಾರು ಎಡಕ್ಕೆ ವಾಲಿ ಬೆಳೆಯುತ್ತದೆ. ಆಮೇಲೆ ಕೆಲವು ವರ್ಷ ಬಲಕ್ಕೆ. ಮತ್ತೆ ಎಡಕ್ಕೆ. ಹೀಗೆ ಪದರದ ಮೇಲೆ ಪದರ, ಒಂದಕ್ಕೊಂದು ಅಡ್ಡ. ಚಾಪೆ ಹೆಣೆದ ಹಾಗೆ. ನಿಮ್ಮ ಕೊಡಲಿ ಒಂದು ಪದರದ ನಡುವೆ ನುಗ್ಗಿದರೆ ಮುಂದಿನ ಪದರ ಅದನ್ನು ಅಡ್ಡ ಹಾಕಿ ಹಿಡಿಯುತ್ತದೆ. ಸೀಳು ಓಡಲು ದಾರಿಯೇ ಇಲ್ಲ. ಪ್ರತಿ ಇಂಚಿಗೂ ನಾರನ್ನು ಹರಿದೇ ಮುಂದೆ ಹೋಗಬೇಕು.

ಇದನ್ನು ಕಣ್ಣಾರೆ ನೋಡಬಹುದು. ಹೇಗೋ ಒಂದು ಹುಣಸೆ ಚೂರು ಸೀಳಿದ್ದರೆ ಅದರ ಒಳಮೈ ನೋಡಿ. ಸಿಲ್ವರ್ ಓಕ್‌ನದು ನಯವಾಗಿರುತ್ತದೆ. ಹುಣಸೆಯದು ಏರುತಗ್ಗಾಗಿ, ಎಳೆಗಳು ಕಿತ್ತು ನಿಂತು, ಬೆಕ್ಕು ಪರಚಿದ ಹಾಗೆ ಕಾಣುತ್ತದೆ. ಹುರಿ ತಿರುಗಿದ ಮರವನ್ನಾದರೆ ಕಡಿಯುವ ಮುಂಚೆಯೇ ಗುರುತಿಸಬಹುದು. ತೊಗಟೆಯ ಬಿರುಕುಗಳು ನೆಟ್ಟಗೆ ಮೇಲೇರದೆ ಕಾಂಡವನ್ನು ಸುತ್ತಿಕೊಂಡು ಹೋಗಿದ್ದರೆ ಒಳಗಿನ ನಾರೂ ಹಾಗೆಯೇ ಇರುತ್ತದೆ.

ನಾನು ಚಿಕ್ಕವನಿದ್ದಾಗ ಸಾಗರದ ಹತ್ತಿರದ ನಮ್ಮ ಮನೆಗೆ ಮಳೆಗಾಲಕ್ಕೆ ಮುಂಚೆ ಸೌದೆ ಒಡೆಯಲು ಒಬ್ಬ ಹಿರಿಯರು ಬರುತ್ತಿದ್ದರು. ಬಂದವರೇ ಕೊಡಲಿ ಎತ್ತುತ್ತಿರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ರಾಶಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಪ್ರತಿ ತುಂಡಿನ ತಲೆ ನೋಡಿ, ಕೆಲವನ್ನು ಕಾಲಲ್ಲಿ ಆಚೆ ಉರುಳಿಸುತ್ತಿದ್ದರು. "ಇವು ಕುಂಟೆಗೆ ಇರಲಿ" ಅನ್ನುತ್ತಿದ್ದರು. ಕುಂಟೆ ಅಂದರೆ ಒಡೆಯದೆ ಹಾಗೇ ಒಲೆಗೆ ಇಡುವ ದಪ್ಪ ಕೊರಡು. ಕವಲು ಇದ್ದದ್ದು, ಗಂಟು ಇದ್ದದ್ದು, ಬುಡದ ತುಂಡು, ಇವೆಲ್ಲ ಆಚೆ. ಉಳಿದದ್ದನ್ನು ಮಧ್ಯಾಹ್ನದೊಳಗೆ ಮುಗಿಸಿ ಊಟಕ್ಕೆ ಕೂರುತ್ತಿದ್ದರು. ನಾವು ಹುಡುಗರು ಅವರು ಬಿಟ್ಟ ಕುಂಟೆಗಳ ಮೇಲೆ ಶೌರ್ಯ ತೋರಿಸಲು ಹೋಗಿ ಅಂಗೈಯಲ್ಲಿ ಬೊಬ್ಬೆ ಬರಿಸಿಕೊಳ್ಳುತ್ತಿದ್ದೆವು. ಮರದ ಜಾತಿ ಎಷ್ಟು ಮುಖ್ಯವೋ ತುಂಡು ಮರದ ಯಾವ ಭಾಗದ್ದು ಅನ್ನುವುದೂ ಅಷ್ಟೇ ಮುಖ್ಯ ಅಂತ ಅವರಿಂದ ಕಲಿತೆ. ಒಳ್ಳೆಯ ಮರದ ಕವಲು ಕೆಟ್ಟ ಮರದ ಕಾಂಡಕ್ಕಿಂತ ಕಷ್ಟ.

ಇನ್ನು ಒಣಗಿಸುವ ವಿಚಾರ. ಇಲ್ಲಿ ಎಲ್ಲ ಮರಕ್ಕೂ ಒಂದೇ ಉತ್ತರ ಇಲ್ಲ. ಮರ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು ಜಾಸ್ತಿ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಸುಮಾರು ಅದರ ಅರ್ಧ. ಈ ವ್ಯತ್ಯಾಸಕ್ಕೇ ತುಂಡಿನ ತಲೆಯಲ್ಲಿ ನಕ್ಷತ್ರದ ಹಾಗೆ ಬಿರುಕು ಬೀಳುವುದು. ನಾರು ನೆಟ್ಟಗಿರುವ ಮರಕ್ಕೆ ಈ ಬಿರುಕು ವರದಾನ. ಮತ್ತಿ ಮರ ಭಾರ ಇದ್ದರೂ ಒಂದು ಬೇಸಿಗೆ ಬಿಸಿಲಿಗೆ ಬಿಟ್ಟರೆ ತಾನೇ ಬಾಯಿ ಬಿಡುತ್ತದೆ. ಆ ಬಾಯಿಗೆ ಕೊಡಲಿ ಇಟ್ಟರೆ ಆಯಿತು. ಆದರೆ ಹುಣಸೆ, ಜಾಲಿ, ನೀಲಗಿರಿ ಒಣಗಿದಷ್ಟೂ ಕಬ್ಬಿಣ. ಬಿರುಕು ಬಿಟ್ಟರೂ ಅದು ಮೇಲ್ಮೇಲೆ, ಒಳಗಿನ ಅಡ್ಡ ಎಳೆ ಹಾಗೇ ಇರುತ್ತದೆ. ನಾರು ಹಸಿಯಾಗಿದ್ದಾಗ ಮೆತ್ತಗಿರುತ್ತದೆ, ಒಣಗಿದ ಮೇಲೆ ಕೊಡಲಿಯ ಬಾಯಿಯೇ ಮಡಚಿಕೊಳ್ಳುತ್ತದೆ. ನಿಮ್ಮ ಹುಣಸೆ ಉರುಳಿ ಆಗಲೇ ಕೆಲವು ತಿಂಗಳಾಗಿದೆ. ಇನ್ನೂ ಕಾದರೆ ಕಷ್ಟ ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ.

ನಿಮ್ಮ ರಾಶಿಯಲ್ಲಿರುವ ಬೇರೆ ಮರಗಳ ಬಗ್ಗೆ ಹೇಳುತ್ತೇನೆ. ಬೇವಿನಲ್ಲೂ ಎಳೆ ಅಡ್ಡಡ್ಡ ಇರುತ್ತದೆ, ಆದರೆ ಹುಣಸೆಯಷ್ಟು ಬಿಗಿ ಇಲ್ಲ. ಗಂಟಿಲ್ಲದ ತುಂಡಾದರೆ ನಾಲ್ಕೈದು ಏಟಿಗೆ ಬರುತ್ತದೆ. ನೇರಳೆಯದೂ ಇದೇ ಜಾತಕ. ಜಾಲಿಯನ್ನು ಹಸಿ ಇರುವಾಗಲೇ ಮುಗಿಸಿಬಿಡಿ. ಬಳ್ಳಾರಿ ಜಾಲಿಯಾಗಿದ್ದರೆ ಒಡೆಯುವ ಗೋಜೇ ಇಲ್ಲ, ಸಾಮಾನ್ಯವಾಗಿ ತೋಳಿನ ದಪ್ಪ ಇರುತ್ತದೆ, ಹಾಗೇ ಒಲೆಗೆ ನೂಕಿ. ಮುಳ್ಳು ನೋಡಿಕೊಳ್ಳಿ ಅಷ್ಟೇ.

ನೀಲಗಿರಿಯದು ಬೇರೆಯೇ ಕತೆ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟಕ್ಕೆ ಬಂದ ಮರ ಇದು. ಆಮೇಲೆ ಬಯಲುಸೀಮೆ ತುಂಬಾ ಹರಡಿತು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಈ ಮರ ನಿಂತಿರುವಾಗಲೇ ಒಳಗೆ ಬಿಲ್ಲಿನ ಹೆದೆಯ ಹಾಗೆ ಬಿಗಿದುಕೊಂಡಿರುತ್ತದೆ. ಕಡಿದ ಸ್ವಲ್ಪ ಹೊತ್ತಿಗೇ ತುಂಡಿನ ತಲೆ ಪಟಪಟ ಅಂತ ಸೀಳುವುದನ್ನು ನೀವೂ ಕೇಳಿರಬಹುದು. ಆ ವಾರದಲ್ಲೇ ಕೊಡಲಿ ಹಾಕಿದರೆ ಮರವೇ ನಿಮಗೆ ಸಹಾಯ ಮಾಡುತ್ತದೆ. ಆರು ತಿಂಗಳು ಬಿಟ್ಟರೆ ಹುರಿ ಬಿಗಿದು ಕೂರುತ್ತದೆ. ಬುಡ ಕಿತ್ತ ಬೊಡ್ಡೆಗಳನ್ನಂತೂ ಯಾವ ಕಾಲದಲ್ಲೂ ಮುಟ್ಟಬೇಡಿ.

ತೆಂಗಿನ ಮರ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದು ಲೆಕ್ಕದಲ್ಲಿ ಮರವೇ ಅಲ್ಲ, ಹುಲ್ಲಿನ ದೂರದ ನೆಂಟ. ಸುತ್ತ ಗಟ್ಟಿ, ನಡುವೆ ಮೆತ್ತಗೆ. ಕೊಡಲಿಗೆ ಬರೀ ನಾರು ಸಿಗುತ್ತದೆ. ಗರಿ, ಮಟ್ಟೆ, ಚಿಪ್ಪು ಇರುವಾಗ ಆ ಕಾಂಡದ ಮೇಲೆ ಬೆವರು ಸುರಿಸುವುದು ಯಾಕೆ?

ಮಲೆನಾಡಿನ ದಿಂಡಿಗವನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಗಾಡಿಯ ಇರುಸು, ಕೊಡಲಿಯ ಕಾವು ಇವಕ್ಕೆಲ್ಲ ಹೆಸರಾದ ಮರ. ಏಟಿನ ಅದುರನ್ನು ನುಂಗಿಕೊಳ್ಳುತ್ತದೆ. ಒಡೆಯುವಾಗಲೂ ಅದೇ ಗುಣ ತೋರಿಸುತ್ತದೆ. ಕೊಡಲಿ ಕಾವು ಕುಲಕ್ಕೆ ಮೂಲ ಅನ್ನುವ ಗಾದೆ ಇದೆಯಲ್ಲ, ದಿಂಡಿಗದ ಕಾವು ಹಾಕಿ ದಿಂಡಿಗವನ್ನೇ ಒಡೆಯುವಾಗ ನನಗೆ ಅದು ನೆನಪಾಗುತ್ತದೆ. ನಿಮ್ಮ ಮುಂದಿನ ಕಾವಿಗೆ ಸಿಕ್ಕರೆ ಇದನ್ನೇ ಹಾಕಿಸಿ.

ಅಮೆರಿಕದಲ್ಲಿರುವ ನಮ್ಮವರು ಕೆಲವರು ಮನೆಯ ಬೆಂಕಿಗೂಡಿಗೆ ಅಂತ ತಾವೇ ಸೌದೆ ಒಡೆಯುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಇರುವವರಿಗೆ ಒಂದು ಮಾತು. ನಕ್ಷತ್ರದಂಥ ಎಲೆಯ ಸ್ವೀಟ್‌ಗಮ್ ಮರವನ್ನು ಯಾರಾದರೂ ಪುಕ್ಕಟೆ ಕೊಡುತ್ತೇನೆ ಅಂದರೆ ಮೊದಲು ಯೋಚನೆ ಮಾಡಿ. ಅದು ಅಲ್ಲಿನ ಹುಣಸೆ. ಚಳಿ ಸೀಮೆಯವರಿಗೆ ಮಾತ್ರ ಒಂದು ಅನುಕೂಲ ಇದೆ. ಮರದೊಳಗಿನ ನೀರು ಹೆಪ್ಪುಗಟ್ಟಿದಾಗ ಮರ ಗಾಜಿನ ಹಾಗಾಗುತ್ತದೆ, ಆಗ ಮೊಂಡು ತುಂಡೂ ಸಿಡಿಯುತ್ತದೆ. ತಿಪಟೂರಿನಲ್ಲಿ ಅದಕ್ಕೆ ಕಾಯಲಾಗುವುದಿಲ್ಲ ಬಿಡಿ.

ಈಗ ಉಪಾಯಕ್ಕೆ ಬರೋಣ. ನೀವು ಮಾಡುತ್ತಿರುವ ತಪ್ಪು ಏನೆಂದು ಇಲ್ಲಿಂದಲೇ ಹೇಳಬಲ್ಲೆ. ತುಂಡಿನ ನಟ್ಟನಡುವೆ ಹೊಡೆಯುತ್ತಿದ್ದೀರಿ, ಅಲ್ವಾ? ಸಿಲ್ವರ್ ಓಕ್‌ಗೆ ಅದು ಸರಿ. ಹುಣಸೆಗೆ ಅಂಚಿನಿಂದ ಹೋಗಬೇಕು. ತೊಗಟೆಯಿಂದ ಮೂರು ನಾಲ್ಕು ಬೆರಳು ಒಳಗೆ, ಅಂಚಿಗೆ ಸಮನಾಗಿ ಏಟು ಹಾಕಿ. ಒಂದು ಚಕ್ಕೆ ಬರುತ್ತದೆ. ತುಂಡನ್ನು ಸ್ವಲ್ಪ ತಿರುಗಿಸಿ ಇನ್ನೊಂದು ತೆಗೆಯಿರಿ. ಹಲಸಿನ ಹಣ್ಣಿನ ಸಿಪ್ಪೆ ಹೆರೆದ ಹಾಗೆ ಸುತ್ತ ಹೆರೆಯುತ್ತಾ ಬನ್ನಿ. ಹುಣಸೆಯ ಹೊರಗಿನ ಬಿಳಿ ಭಾಗ ಹೀಗೆ ಬಂದುಬಿಡುತ್ತದೆ. ನಡುವೆ ಕಪ್ಪು ನೇರಳೆ ಬಣ್ಣದ ಚೇಗು ಉಳಿಯುತ್ತದೆ. ಅದನ್ನು ಹಾಗೇ ಬಿಡಿ, ಅದಕ್ಕೆ ಬೇರೆ ಉಪಯೋಗ ಹೇಳುತ್ತೇನೆ.

ಎರಡನೆಯದು, ನಿಮ್ಮ ಕೊಡಲಿ. ನಮ್ಮ ಊರ ಕೊಡಲಿ ಮರ ಕಡಿಯಲು ಮಾಡಿದ್ದು. ಬಾಯಿ ತೆಳ್ಳಗೆ, ಹಾಗಾಗಿ ಒಳಗೆ ಹೋಗುತ್ತದೆ, ಸಿಕ್ಕಿಕೊಳ್ಳುತ್ತದೆ. ಒಡೆಯಲು ಬೇಕಾದದ್ದು ಮೂತಿ ದಪ್ಪ ಇರುವ, ಮೂರು ನಾಲ್ಕು ಕಿಲೋ ತೂಗುವ ಕೊಡಲಿ. ಒಳಗೆ ಹೋಗುವುದು ಕಮ್ಮಿ, ಅಗಲಿಸುವುದು ಜಾಸ್ತಿ. ಅದರ ಜೊತೆ ಎರಡು ಕಬ್ಬಿಣದ ಬೆಣೆ ಇರಲಿ. ಒಂದೇ ಸಾಲದು. ಮೊದಲನೆಯದು ಸಿಕ್ಕಿಕೊಂಡರೆ ಬಿಡಿಸಲು ಎರಡನೆಯದು ಬೇಕೇ ಬೇಕು. ಕುಲುಮೆಯವರಿಗೆ ಹೇಳಿದರೆ ಹಳೇ ಲಾರಿ ಆಕ್ಸೆಲ್ ತುಂಡಿನಲ್ಲಿ ಮಾಡಿಕೊಡುತ್ತಾರೆ. ಮೊದಲು ಬಿರುಕು ಇರುವ ಕಡೆ ಒಂದು ಬೆಣೆ ಕೂರಿಸಿ. ದೊಡ್ಡ ಸುತ್ತಿಗೆಯಲ್ಲಿ ಬಡಿಯಿರಿ. ಬಡಿದು ಸ್ವಲ್ಪ ನಿಲ್ಲಿ. ಕಿವಿಗೊಟ್ಟು ಕೇಳಿ. ಮರ ಒಳಗೊಳಗೇ ಚಿಟಿಚಿಟಿ ಅನ್ನುತ್ತಿದ್ದರೆ ಅದು ಬಿಡುತ್ತಿದೆ ಅಂತ ಅರ್ಥ. ಆಗ ಸೀಳಿನ ಮುಂದೆ ಎರಡನೇ ಬೆಣೆ ಇಡಿ. ಎರಡು ಭಾಗ ಆದಂತೆ ಕಂಡರೂ ನಡುವೆ ದಾರದ ಹಾಗೆ ಎಳೆಗಳು ಹಿಡಿದುಕೊಂಡಿರುತ್ತವೆ. ಅವನ್ನು ತೆಳ್ಳಗಿನ ಕೊಡಲಿಯಲ್ಲಿ ಕತ್ತರಿಸಬೇಕು. ನಿಮ್ಮ ಹಳೇ ಕೊಡಲಿಗೂ ಹೀಗೆ ಕೆಲಸ ಸಿಕ್ಕಿತು.

ಸಿಕ್ಕಿಕೊಂಡ ಕೊಡಲಿಯ ಬೆನ್ನಿಗೆ ಸುತ್ತಿಗೆ ಏಟು ಹಾಕಬೇಡಿ. ಕಾವು ಕೂರುವ ಕಣ್ಣು ಅಗಲವಾಗಿ ತಲೆ ಸಡಿಲವಾಗುತ್ತದೆ. ಒಂದು ದಿನ ಕೊಡಲಿಯ ತಲೆ ಹಾರಿ ಹೋಗುತ್ತದೆ, ಅದು ಯಾರ ಕಡೆಗೆ ಹಾರುತ್ತದೆ ಅಂತ ಹೇಳಲಾಗದು. ಬೆಣೆಯ ತಲೆ ಏಟು ತಿಂದು ತಿಂದು ಅಣಬೆಯ ಹಾಗೆ ಅರಳಿದರೆ ಅಂಚು ಉಜ್ಜಿಸಿ. ಅಲ್ಲಿಂದ ಕಬ್ಬಿಣದ ಚೂರು ಸಿಡಿಯುತ್ತದೆ. ನನ್ನ ಮುಂಗೈಯಲ್ಲಿ ಅಂಥ ಒಂದು ಚೂರಿನ ಗುರುತು ಇನ್ನೂ ಇದೆ. ಕಣ್ಣಿಗೆ ಬಿದ್ದಿದ್ದರೆ ಈ ಉತ್ತರ ಬರೆಯುವುದೇ ಕಷ್ಟವಾಗುತ್ತಿತ್ತು. ಕನ್ನಡಕ ಹಾಕಿಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಸೌದೆ ಒಡೆಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನಿಜ ಹೇಳಬೇಕು. ಇಷ್ಟು ಕಷ್ಟಪಟ್ಟು ಹುಣಸೆ ಒಡೆಯುವುದು ಅಗತ್ಯವಾ ಅಂತ ನನಗೆ ಅನುಮಾನ. ಹುಣಸೆ ಸೌದೆ ಜಾಸ್ತಿ ಶಾಖ ಕೊಡುತ್ತದೆ ಅನ್ನುವುದು ಹೌದು, ಆದರೆ ಆ ಲೆಕ್ಕ ಬೇರೆ. ಪೂರ್ತಿ ಒಣಗಿದ್ದರೆ ಯಾವ ಮರವಾದರೂ ಕಿಲೋಗೆ ಸುಮಾರು 4500 ಕಿಲೋಕ್ಯಾಲರಿಯ ಆಸುಪಾಸಿನಲ್ಲೇ ಶಾಖ ಕೊಡುತ್ತದೆ. ವ್ಯತ್ಯಾಸ ಇರುವುದು ತೂಕದಲ್ಲಿ. ಒಂದು ಘನ ಅಡಿ ಒಣ ಹುಣಸೆ ಸುಮಾರು 25 ಕಿಲೋ ತೂಗಿದರೆ ಸಿಲ್ವರ್ ಓಕ್ 17 ಕಿಲೋ ತೂಗುತ್ತದೆ. ಅಂದರೆ ಕಟ್ಟಿಗೆ ಕೊಟ್ಟಿಗೆಯಲ್ಲಿ ಜಾಗ ಇದ್ದರೆ ಸಿಲ್ವರ್ ಓಕ್ ಒಂದೂವರೆ ಪಟ್ಟು ಪೇರಿಸಿಕೊಂಡರೆ ಸಮ ಆಯಿತು. ಒಡೆಯುವ ಶ್ರಮ ಹತ್ತರಲ್ಲಿ ಒಂದು ಪಾಲು. ಆದರೆ ಒಣಗಿರಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗೆ ಹಾಕಿದರೆ ಹಂಡೆಯ ನೀರಿಗಿಂತ ಮೊದಲು ಸೌದೆಯ ನೀರು ಕಾಯಿಸಿದ ಹಾಗೆ.

ಹಾಗಾದರೆ ಹುಣಸೆ ತುಂಡುಗಳನ್ನು ಏನು ಮಾಡುವುದು? ಅಂಚು ಹೆರೆದು ಬಂದ ಚಕ್ಕೆಗಳು ಒಲೆಗೆ. ನಡುವಿನ ಚೇಗು ಮತ್ತು ಸಣ್ಣ ತುಂಡುಗಳನ್ನು ಕುಂಟೆಯಾಗಿ ಇಟ್ಟುಕೊಳ್ಳಿ. ಹಂಡೆ ಒಲೆಯ ಬಾಯಿ ದೊಡ್ಡದಿದ್ದರೆ ಕುಂಟೆಯನ್ನು ಹಿಂದಕ್ಕೆ ಇಟ್ಟು, ಮುಂದೆ ಒಣ ಗರಿ, ಸಿಲ್ವರ್ ಓಕ್ ಹಚ್ಚಿ. ಒಮ್ಮೆ ಹೊತ್ತಿದರೆ ಕೆಂಡವಾಗಿ ಇಡೀ ರಾತ್ರಿ ಕೂರುತ್ತದೆ, ಬೆಳಿಗ್ಗೆ ಊದಿದರೆ ಸಾಕು. ಹುಣಸೆಯ ಇದ್ದಿಲಿಗೂ ಒಳ್ಳೆಯ ಹೆಸರಿದೆ, ಹಿಂದೆ ಕೋವಿಯ ಸಿಡಿಮದ್ದಿಗೂ ಅದನ್ನು ಬಳಸುತ್ತಿದ್ದರು. ದಪ್ಪ ತುಂಡುಗಳನ್ನು ಒಡೆಯಲೇಬೇಕು ಅಂತಿದ್ದರೆ ಯಂತ್ರದವರನ್ನೇ ಇನ್ನೊಮ್ಮೆ ಕರೆಸಿ, ತುಂಡನ್ನು ಮಲಗಿಸಿ ಉದ್ದಕ್ಕೆ ಸೀಳಿಸಿ. ಅಡ್ಡ ಎಳೆ ಕೊಡಲಿಗೆ ಅಡ್ಡಿ, ಗರಗಸದ ಸರಪಳಿಗೆ ಅಷ್ಟಾಗಿ ಅಲ್ಲ.

ಎರಡು ಅಡಿ ಅಗಲದ, ಬಿರುಕಿಲ್ಲದ ಗುಂಡು ತುಂಡುಗಳಿದ್ದರೆ ಅವನ್ನಂತೂ ಸುಡಬೇಡಿ. ತಲೆಗೆ ಹಳೇ ಎಂಜಿನ್ ಎಣ್ಣೆಯನ್ನೋ ಮೇಣವನ್ನೋ ಬಳಿದು ನೆರಳಿನಲ್ಲಿ ಇಡಿ, ಆಗ ನಿಧಾನಕ್ಕೆ ಒಣಗುತ್ತದೆ, ಸೀಳುವುದಿಲ್ಲ. ಮಾಂಸ ಕಡಿಯುವ ಕೊರಡಾಗುವುದಕ್ಕೆ ಆರಿಸಿದ ತುಂಡಿಗೆ ಮಾತ್ರ ಎಂಜಿನ್ ಎಣ್ಣೆ ಮುಟ್ಟಿಸಬೇಡಿ, ಮೇಣವೇ ಇರಲಿ. ತಿಪಟೂರಿನ ಯಾವುದಾದರೂ ಮಾಂಸದ ಅಂಗಡಿಯಲ್ಲಿ ವಿಚಾರಿಸಿ ನೋಡಿ. ಸೌದೆಗೆ ಸಿಗುವುದಕ್ಕಿಂತ ಒಳ್ಳೆಯ ಬೆಲೆ ಸಿಗುತ್ತದೆ. ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೇಗ ಹತ್ತುವುದರಿಂದ ತೊಗಟೆ ತೆಗೆದೇ ಇಡಿ.

ಅದರಲ್ಲಿ ಒಂದನ್ನು ಮಾತ್ರ ನಿಮಗೇ ಉಳಿಸಿಕೊಳ್ಳಿ. ಎಲ್ಲಕ್ಕಿಂತ ಗಂಟು ಜಾಸ್ತಿ ಇರುವ, ನಿಮ್ಮ ಎರಡು ಕಾವು ನುಂಗಿದ ಆ ತುಂಡೇ ಆದರೆ ಇನ್ನೂ ಒಳ್ಳೆಯದು. ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬರುವ ಹಾಗೆ ಮಟ್ಟ ಮಾಡಿಸಿ, ಕೊಟ್ಟಿಗೆಯ ಮುಂದೆ ಗಟ್ಟಿ ನೆಲದಲ್ಲಿ ಕೂರಿಸಿ. ಸಿಲ್ವರ್ ಓಕ್, ಬೇವು ಎಲ್ಲವನ್ನೂ ಅದರ ಮೇಲೆ ನಿಲ್ಲಿಸಿ ಒಡೆಯಿರಿ. ಏಟು ತಪ್ಪಿದರೂ ಕೊಡಲಿಯ ಬಾಯಿ ಕಲ್ಲಿಗೆ ತಾಗುವುದಿಲ್ಲ.